ಮಳೆ ನಕ್ಷತ್ರದ ಚೀಟಿ ಹಿಡಿದು ಮನೆ ನಡೆಸಿದ್ದು: ನನ್ನ ಅನುಭವ

ತಿಂಗಳ ಲೆಕ್ಕ ಇಟ್ಟುಕೊಂಡು ಮಲೆನಾಡಿನಲ್ಲಿ ಸಂಸಾರ ಮಾಡಲು ಆಗುವುದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮೇ ತಿಂಗಳನ್ನೇ ನೋಡಿ. ಮೊದಲ ವಾರ ನೆತ್ತಿ ಸುಡುವ ಬಿಸಿಲು. ಕೊನೆಯ ವಾರ ಅಂಗಳದಲ್ಲಿ ಕಾಲಿಟ್ಟರೆ ಜಾರುತ್ತದೆ. 'ಮೇನಲ್ಲಿ ಹಪ್ಪಳ' ಎಂದು ಬರೆದಿಟ್ಟುಕೊಂಡು ಏನು ಪ್ರಯೋಜನ? ಅದಕ್ಕೇ ನಾನು ಮಳೆ ನಕ್ಷತ್ರದ ಲೆಕ್ಕಕ್ಕೆ ಬಂದೆ. ಐದಾರು ವರ್ಷ ಆಗಿರಬೇಕು. ಶುರುವಿನಲ್ಲಿ ಮನೆಯವರೇ ಆಡಿಕೊಂಡರು. 'ಇವಳು ಪಂಚಾಂಗ ನೋಡಿ ಸಾಸಿವೆ ತರ್ತಾಳೆ' ಎಂದು ಇವರು ನೆಂಟರ ಮುಂದೆಲ್ಲ ಹೇಳಿದ್ದೇ ಹೇಳಿದ್ದು. ಬೆಂಗಳೂರಿನಲ್ಲಿರುವ ನಾದಿನಿ 'ಅತ್ತಿಗೆ, ಎಲ್ಲ ಫೋನಲ್ಲೇ ಇದೆಯಲ್ಲ' ಅಂದಳು. 2025ರ ಮೇ ಕಳೆದ ಮೇಲೆ ಇಬ್ಬರೂ ಸುಮ್ಮನಾಗಿದ್ದಾರೆ. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಕ್ಷತ್ರದ ವಿವರ ನಿಮಗೆ ಹೇಳಬೇಕಾಗಿಲ್ಲ. ವರ್ಷದಲ್ಲಿ ಸೂರ್ಯ ದಾಟುವ ನಕ್ಷತ್ರ 27, ಒಂದೊಂದರಲ್ಲಿ ಹದಿಮೂರು ಹದಿನಾಲ್ಕು ದಿನ. ಗೋಡೆ ಕ್ಯಾಲೆಂಡರಿನಲ್ಲೇ ಅಚ್ಚಾಗಿರುತ್ತದೆ. ಊರಲ್ಲಿ ಗದ್ದೆ ತೋಟಕ್ಕೆ ಎಲ್ಲರೂ ನೋಡುತ್ತಾರೆ. ನಾನು ಅದನ್ನು ಅಡುಗೆಮನೆಗೆ, ಬೀರುವಿಗೆ, ಮಕ್ಕಳ ಶಾಲೆಗೆ, ದುಡ್ಡಿಗೆ ಹಚ್ಚಿಕೊಂಡೆ. ಇದು ಸೂರ್ಯನ ಲೆಕ್ಕ, ಆದ್ದರಿಂದ ವರ್ಷ ಬದಲಾದರೂ ದಿನಾಂಕ ಹೆಚ್ಚೆಂದರೆ ಒಂದು ದಿನ ಆಚೆ ಈಚೆ. ರೋಹಿಣಿ ಮೇ 25ರ ಹತ್ತಿರ, ಮೃಗಶಿರ ಜೂನ್ 8ರ ಹತ್ತಿರ, ಆರಿದ್ರೆ ಜೂನ್ 22ರ ಹತ್ತಿರ. ಒಂದು ಸಲ ಬರೆದಿಟ್ಟರೆ ಜನ್ಮಕ್ಕೆ ಸಾಕು.

ಇದಕ್ಕೆ ಮೊದಲು ಬೇಕಾದಷ್ಟು ಮಾಡಿ ನೋಡಿಯಾಗಿತ್ತು. ತಿಂಗಳಿಗೊಂದು ಪುಟದ ನೋಟ್‌ಬುಕ್ ಯುಗಾದಿಯಿಂದ ಶುರುವಾಗಿ ಮಳೆ ಹಿಡಿಯುವ ಹೊತ್ತಿಗೆ ಹಾಲಿನ ಲೆಕ್ಕದ ಪುಸ್ತಕವಾಗುತ್ತಿತ್ತು. ಫ್ರಿಜ್ಜಿನ ಪಕ್ಕ ಒಂದು ಬಿಳಿ ಬೋರ್ಡು ತೂಗು ಹಾಕಿದೆ, ಆರುನೂರೋ ಏಳುನೂರೋ ಕೊಟ್ಟಿದ್ದು. ಮಳೆಗಾಲದ ತೇವಕ್ಕೆ ಪೆನ್ನು ಅದರ ಮೇಲೆ ಹಿಡಿಯಲೇ ಇಲ್ಲ. ಅಳಿಯ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟ. ಆರಿದ್ರೆಯಲ್ಲಿ ಕರೆಂಟು ಹೋದರೆ ಮೂರು ದಿನ ಬರುವುದಿಲ್ಲ, ನೆಟ್‌ವರ್ಕಿಗೆ ಗುಡ್ಡದ ಮೇಲೆ ಹೋಗಬೇಕು. ಅಂಥ ಊರಲ್ಲಿ ಅದು ಏನು ನೆನಪಿಸೀತು? ಮನೆಮಂದಿಯ ವಾಟ್ಸಾಪ್ ಗುಂಪಿನ ಕತೆ ಬಿಡಿ. ಸೌದೆ ಬಗ್ಗೆ ಕೇಳಿದರೆ ಸುಪ್ರಭಾತ ಬರುತ್ತದೆ.

ಕೊನೆಗೆ ನಿಂತಿದ್ದು ಚೀಟಿ. ಹಳೆ ಲಗ್ನಪತ್ರಿಕೆಗಳ ದಪ್ಪ ಹಾಳೆ ಅಂಗೈಯಗಲ ಕತ್ತರಿಸಿ, ನಕ್ಷತ್ರಕ್ಕೊಂದರಂತೆ 27 ಚೀಟಿ ಮಾಡಿದೆ. ಖರ್ಚು ಒಂದು ಕ್ಲಿಪ್ಪು, ಒಂದು ಮೊಳೆ. ಅಡುಗೆಮನೆ ಬಾಗಿಲ ಹಿಂದೆ ತೂಗುತ್ತದೆ, ನಡೆಯುವ ನಕ್ಷತ್ರ ಮೇಲೆ. ಒಂದೊಂದರಲ್ಲೂ ಮೂರೇ ತಲೆಬರಹ: ತರುವುದು, ಮಾಡುವುದು, ಕೊಡುವುದು. ಒಂದು ಚೀಟಿಯಲ್ಲಿ ಏಳೆಂಟು ಕೆಲಸಕ್ಕಿಂತ ಜಾಸ್ತಿ ಬರೆಯಬಾರದು. ಬರೆದರೆ ಯಾವುದೂ ಆಗುವುದಿಲ್ಲ.

ನಿಜವಾದ ಕಸುಬು ಇರುವುದು ಚೀಟಿಯ ಹಿಂದೆ. ನಕ್ಷತ್ರ ಮುಗಿದ ಸಂಜೆ, ಕಾಫಿ ಕುಡಿಯುತ್ತಾ, ಆ ವರ್ಷ ಏನಾಯಿತು ಎಂದು ಒಂದು ಸಾಲು ಬರೆಯುತ್ತೇನೆ. 'ಸಂಜೆ ಮಳೆ, ಹಪ್ಪಳ ಎರಡು ಸಲ ಒಳಗೆ ತಂದೆ.' 'ಮಗನ ಕೊಡೆ ಕಳೆಯಿತು, ಹೊಸದು.' 'ಗ್ಯಾಸ್ ಗಾಡಿ ಬರಲಿಲ್ಲ.' ಇಂಥವೇ. ಮೂರನೇ ವರ್ಷಕ್ಕೆ ಈ ಸಾಲುಗಳು ಮುಂದಿನ ಬದಿಯನ್ನು ತಿದ್ದಲು ಶುರು ಮಾಡಿದವು. ಹಲಸಿನ ಹಪ್ಪಳವನ್ನು ನಾನು ಮೊದಲು ಕೃತ್ತಿಕೆಯ ಚೀಟಿಯಲ್ಲಿ ಬರೆದಿದ್ದೆ. ಹಿಂದಿನ ಸಾಲು ನೋಡಿದರೆ ಪ್ರತಿ ವರ್ಷ ಅಲ್ಲೇ ಮಳೆ. ಸರಿ, ಅದನ್ನು ಹೊಡೆದು ಅದರ ಹಿಂದಿನ ಭರಣಿಗೆ ತಂದೆ. ಕೃತ್ತಿಕೆಯ ಚೀಟಿಯಲ್ಲಿ ಕೆಂಪು ಶಾಯಿಯಲ್ಲಿ 'ಬಿಸಿಲು ಬೇಕಾದ ಹೊಸ ಕೆಲಸ ಹಿಡಿಯಬೇಡ' ಎಂದು ಬರೆದೆ. ಅಂದರೆ ಮೇ 11ರ ನಂತರ ಹಲಸಿನ ಕಾಯಿ ಮುಟ್ಟುವಂತಿಲ್ಲ, ಮರದಲ್ಲಿ ಎಷ್ಟೇ ಇರಲಿ.

2023ರಲ್ಲಿ ಇದೇ ನಿಯಮಕ್ಕೆ ಒಳ್ಳೆ ಗೇಲಿ ಆಯಿತು. ಆ ವರ್ಷ ಮುಂಗಾರು ಕೇರಳಕ್ಕೇ ಬಂದಿದ್ದು ಜೂನ್ 8ಕ್ಕೆ. ನಾನು ಎಲ್ಲ ಕಟ್ಟಿಟ್ಟು, ಚಾಪೆ ಸುತ್ತಿ ಅಟ್ಟಕ್ಕೆ ಹಾಕಿ ಕೂತರೆ ಹೊರಗೆ ರಣಬಿಸಿಲು. ಪಕ್ಕದ ಮನೆಯವರು ಮೃಗಶಿರದಲ್ಲೂ ಹಪ್ಪಳ ಒಣಗಿಸಿದರು, ನಮ್ಮ ಅಂಗಳಕ್ಕೆ ಕೇಳುವ ಹಾಗೆ ಮಾತಾಡಿಕೊಂಡು. ಮತ್ತೆ 2025 ಬಂತು. ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, 2009ರ ನಂತರ ಅಷ್ಟು ಬೇಗ ಬಂದಿದ್ದು ಅದೇ ಮೊದಲು. ನಮ್ಮಲ್ಲಿ ಅದಕ್ಕೂ ಮೊದಲೇ ಮಳೆ ಶುರುವಾಗಿತ್ತು. ರೋಹಿಣಿ ಹುಟ್ಟುವ ಹೊತ್ತಿಗೆ ಬಚ್ಚಲ ಒಲೆಯ ಮೇಲೆ ಬಟ್ಟೆ ಒಣಗಿಸುವ ಕಾಲ ಬಂದಾಗಿತ್ತು. ಊರಲ್ಲಿ ಎಷ್ಟು ಮನೆಯ ಹಪ್ಪಳ ಬೂಷ್ಟು ಹಿಡಿದು ಗೊಬ್ಬರದ ಗುಂಡಿಗೆ ಹೋಯಿತೋ. ನಮ್ಮ ಮನೆಯಲ್ಲಿ ಡಬ್ಬಿ ತುಂಬಿತ್ತು. ಸೌದೆ ಒಳಗಿತ್ತು, ಮಕ್ಕಳ ಯೂನಿಫಾರ್ಮ್ ಹೊಲಿಸಿ ಬಂದಿತ್ತು. ಹಪ್ಪಳದ ಕಟ್ಟು ಪಕ್ಕದ ಮನೆಗೂ ಕೊಟ್ಟೆ. ಹೊಟ್ಟೆಕಿಚ್ಚಿಗೆ ಕೊಟ್ಟಿದ್ದಲ್ಲ ಎಂದರೆ ನೀವು ನಂಬಬೇಕು.

ಮಿಡಿಯ, ಅಂದರೆ ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನಕಾಯಿಯ ವಿಷಯ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ನಮ್ಮ ಮನೆಯ ಮಾನ ಇರುವುದೇ ಅದರಲ್ಲಿ. ಅಪ್ಪೆಮಿಡಿಗೆ ನನ್ನಲ್ಲಿ ಎರಡು ಚೀಟಿ ಇವೆ, ಒಂದು ಕೊಳ್ಳುವುದಕ್ಕೆ, ಇನ್ನೊಂದು ಬೀಸುವುದಕ್ಕೆ. ಮಾರ್ಚ್ ಶುರುವಿನ ನಕ್ಷತ್ರದಲ್ಲಿ ಮಿಡಿ ಬರಬೇಕು. ತೊಟ್ಟು ಸಮೇತ ಕೊಯ್ದಿದ್ದೇ ಬೇಕು, ನೆಲಕ್ಕೆ ಬಿದ್ದಿದ್ದು ಒಂದಿದ್ದರೂ ಇಡೀ ಜಾಡಿಗೆ ಕೇಡು. ಚೀಲ ಬಿಚ್ಚಿಸಿ ತಳದಿಂದ ಒಂದು ತೆಗೆದು ಮುರಿದು ನೋಡುತ್ತೇನೆ. ಒಳಗೆ ಓಟೆ ಬಲಿತಿರಬಾರದು, ಸೊನೆಯ ಘಮ ಬೆರಳಿಗೆ ಹತ್ತಬೇಕು. ಮಿಡಿಯ ಕಾಲು ಭಾಗ ತೂಕದ ಹರಳುಪ್ಪು, ದಿನಾ ಕೈಯಾಡಿಸುವುದು, ಚೆನ್ನಾಗಿ ಚಿರುಟಿದ ಮೇಲೆ ಉಪ್ಪುನೀರು ಬಸಿದು ಕುದಿಸಿ ಆರಿಸುವುದು, ಇದೆಲ್ಲ ನಿಮಗೆ ಗೊತ್ತು. ಮೆಣಸು ಸಾಸಿವೆ ಬೀಸುವ ಚೀಟಿ ಅದರ ಮುಂದಿನದು. ನಡುವೆ ನೆಂಟರ ಮದುವೆ ಬಂದರೂ ಮಿಡಿ ಉಪ್ಪಿನಲ್ಲಿ ಕಾಯುತ್ತದೆ, ತಲೆಬಿಸಿ ಇಲ್ಲ. ದರ ನೂರು ಮಿಡಿಗೆ ಇನ್ನೂರರಿಂದ ಐನೂರರವರೆಗೆ ಕುಣಿಯುತ್ತದೆ. ನಾನು ಮಾತ್ರ ಯಾವ ವರ್ಷವೂ ಮುನ್ನೂರು ದಾಟಿ ಕೊಟ್ಟಿಲ್ಲ. ಹೇಗೆ ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ಮಾರ್ಚ್‌ನಲ್ಲಿ ನನಗೇ ಸಿಗುವುದಿಲ್ಲ.

ಈಗ ದುಡ್ಡು. ಅಡಿಕೆ ಮನೆಗಳ ಕತೆ ಎಲ್ಲರದ್ದೂ ಒಂದೇ. ಮಂಡಿಯಿಂದ ದುಡ್ಡು ಬರುವುದು ಜನವರಿ, ಫೆಬ್ರವರಿ ಸುಮಾರಿಗೆ. ಖರ್ಚು ಮುಗಿಬೀಳುವುದು ರೋಹಿಣಿ, ಮೃಗಶಿರದಲ್ಲಿ. ಶಾಲೆ ಫೀಸು, ಪುಸ್ತಕ, ಅಡಿಕೆಯ ಔಷಧಿಗೆ ಮೈಲುತುತ್ತ, ಸುಣ್ಣ, ಮರ ಹತ್ತಿ ಅದನ್ನು ಹೊಡೆಯುವ ಕೊನೆಗೌಡನ ಮುಂಗಡ, ಎಲ್ಲ ಆ ಒಂದು ತಿಂಗಳಲ್ಲೇ. ಅಷ್ಟರಲ್ಲಿ ಕೈ ಖಾಲಿ. ಮತ್ತೆ ಮುಂದಿನ ಬೆಳೆಯ ಮೇಲೆ ಸಾಲ. ನಲವತ್ತು ಸಾವಿರ ತಂದರೆ ನೂರಕ್ಕೆ ಒಂದೂವರೆಯಂತೆ ತಿಂಗಳಿಗೆ ಆರುನೂರು ಬಡ್ಡಿ, ಅಡಿಕೆ ಬರುವವರೆಗೆ ಏಳು ತಿಂಗಳು. ನಾಲ್ಕು ಸಾವಿರ ಸುಮ್ನೆ ಹೋಗುತ್ತಿತ್ತು. ಈಗ ಶ್ರವಣದ ಚೀಟಿಯಲ್ಲಿ, ಅಂದರೆ ಜನವರಿ ಕೊನೆಗೆ, 'ಕೊಡುವುದು' ಅನ್ನುವ ಕಡೆ ಮೊದಲ ಸಾಲೇ ಇದು: ನಲವತ್ತು ಸಾವಿರ ಮಳೆಗಾಲಕ್ಕೆ. ಸೊಸೈಟಿಯಲ್ಲಿ ಸಣ್ಣ ಅವಧಿಯ ಠೇವಣಿ, ಮೇ ನಡುವಿನಲ್ಲಿ ಕೈಗೆ ಬರುವ ಹಾಗೆ. ಮೊದಲ ವರ್ಷ ಇವರು ಅದನ್ನು ಮಾರ್ಚ್‌ನಲ್ಲೇ ಮುರಿಸಿ ಪಂಪ್‌ಸೆಟ್ಟು ರಿಪೇರಿಗೆ ಹಾಕಿದರು. ಅಂದಿನಿಂದ ಠೇವಣಿ ನನ್ನ ಹೆಸರಿನಲ್ಲಿದೆ.

ಕಿರಾಣಿಯಲ್ಲಿ ಉಳಿದಿದ್ದು ವರ್ಷಕ್ಕೆ ಐದಾರು ಸಾವಿರ ಇರಬಹುದು. ಹೊಸ ತೊಗರಿಬೇಳೆ, ಹೊಸ ಹುಣಸೆ, ಬ್ಯಾಡಗಿ ಮೆಣಸು, ಬೆಲ್ಲ, ಎಲ್ಲ ಬೇಸಿಗೆಯೊಳಗೆ. ಆದರೆ ಕಂಡಿದ್ದೆಲ್ಲ ಕೂಡಿಡಲು ಹೋದರೆ ಕೆಡುತ್ತದೆ. ಒಂದು ವರ್ಷ ಅಗ್ಗವೆಂದು ರವೆ, ಕಡಲೆಹಿಟ್ಟು ಮೂಟೆಗಟ್ಟಲೆ ಬಂತು. ಪುಷ್ಯ ಮಳೆಯ ಹೊತ್ತಿಗೆ ರವೆಯಲ್ಲಿ ಹುಳ ಬಲೆ ಕಟ್ಟಿತ್ತು, ಒಂದೂವರೆ ಸಾವಿರ ದನದ ಬಾನಿಗೆ. ಈಗ ಹಿಟ್ಟು, ರವೆ, ಅವಲಕ್ಕಿ ಮಳೆಗಾಲದಲ್ಲಿ ಒಂದು ನಕ್ಷತ್ರಕ್ಕೆ ಆಗುವಷ್ಟೇ. ಇಡಿ ಕಾಳು, ಇಡಿ ಮೆಣಸು ಮಾತ್ರ ವರ್ಷಕ್ಕೆ. ಮೆಣಸಿನ ಡಬ್ಬಿಗೆ ಹರಳುಪ್ಪಿನ ಗಂಟು ಎಲ್ಲರೂ ಹಾಕುತ್ತಾರೆ. ನಾನು ಇನ್ನೊಂದು ಹಾಕುತ್ತೇನೆ. ಅದು ನಮ್ಮ ಅತ್ತೆಯ ಗುಟ್ಟು, ಅವರನ್ನು ಕೇಳದೆ ಹೇಳುವ ಹಾಗಿಲ್ಲ.

ಹಬ್ಬಗಳು ಮಾತ್ರ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಅವು ಚಂದ್ರನ ಹಿಂದೆ ಹೋಗುತ್ತವೆ. 2023ರಲ್ಲಿ ಅಧಿಕ ಶ್ರಾವಣ ಬಂದು ಚೌತಿ ಸೆಪ್ಟೆಂಬರ್ ಮೂರನೇ ವಾರಕ್ಕೆ ಹೋಯಿತು, 2025ರಲ್ಲಿ ಆಗಸ್ಟ್ 27ಕ್ಕೇ ಬಂತು. ಒಮ್ಮೆ ಉತ್ತರೆ ಮಳೆಯಲ್ಲಿ ಚಕ್ಕುಲಿ, ಒಮ್ಮೆ ಮಘೆ ಮಳೆಯಲ್ಲಿ. ಮಘೆಯಲ್ಲಿ ಅಕ್ಕಿ ತೊಳೆದು ಒಣಗಿಸುವುದು ಎಲ್ಲಿ? ಹಾಗಾಗಿ ಚಕ್ಕುಲಿ ಅಕ್ಕಿಯನ್ನು ಬೇಸಿಗೆಯಲ್ಲೇ ತೊಳೆದು, ಗರಿಗರಿ ಒಣಗಿಸಿ ಡಬ್ಬಿಗೆ ಹಾಕುತ್ತೇನೆ, ಹಬ್ಬ ಯಾವಾಗ ಬೇಕಾದರೂ ಬರಲಿ. ಹಬ್ಬಕ್ಕೆ ಬೇರೆ ಬಣ್ಣದ ಸಣ್ಣ ಚೀಟಿ, ಯುಗಾದಿ ಪಂಚಾಂಗ ಬಂದಾಗ ಆಯಾ ನಕ್ಷತ್ರಕ್ಕೆ ಪಿನ್ನು ಹೊಡೆಯುವುದು. 2026ರಲ್ಲಿ ಅಧಿಕ ಜ್ಯೇಷ್ಠ, ಮೇ 17ರಿಂದ ಜೂನ್ 15. ಅಧಿಕದಲ್ಲಿ ಮದುವೆ ಇಲ್ಲ, ಅಂದರೆ ಇದ್ದ ಮದುವೆಗಳೆಲ್ಲ ಏಪ್ರಿಲ್ ಮತ್ತು ಮೇ ಮೊದಲರ್ಧಕ್ಕೆ ಬಂದು ಬೀಳುತ್ತವೆ. ಹಪ್ಪಳ ಲಟ್ಟಿಸಲು ಬರುವ ಹೆಂಗಸರು ಆಗ ಸಿಗುವುದು ಕಷ್ಟ. ಅದಕ್ಕೆ ಸಂಡಿಗೆಯನ್ನು ಮೊದಲೇ ಅಶ್ವಿನಿಗೆ ತಳ್ಳಿ, ಭರಣಿಯನ್ನು ಪೂರ್ತಿ ಹಪ್ಪಳಕ್ಕೆ ಬಿಟ್ಟಿದ್ದೇನೆ.

ನಡುವೆ ಕೆಲವು ಅಡ್ಡ ಪ್ರಯೋಗಗಳೂ ಆದವು. ಹಳೆ ಕಿಟಕಿಯ ಗಾಜು, ತಗಡು ಸೇರಿಸಿ ಬಿಸಿಲ ಪೆಟ್ಟಿಗೆ ಮಾಡಿಸಿದೆ. ಬಡಗಿಗೆ ಎರಡು ಸಾವಿರ ಕೊಟ್ಟಿದ್ದು ದಂಡ. ಗಾಳಿ ಹೋಗಲು ದಾರಿ ಇಲ್ಲದೆ ಸಂಡಿಗೆ ಒಳಗೇ ಬೆವರಿ ಹುಳಿ ಬಂತು. ಆಮೇಲೆ ಕೆಳಗೂ ಮೇಲೂ ತೂತು ಕೊರೆಸಿದ ಮೇಲೆ ಮಜ್ಜಿಗೆ ಮೆಣಸಿಗೆ ಪರವಾಗಿಲ್ಲ ಅನ್ನಿಸಿತು. ರೇಷ್ಮೆ ಸೀರೆಯ ಬೀರುವಿನೊಳಗೆ ಹಳೆ ಕಾಲದ ಸಣ್ಣ ಬಲ್ಬು ಉರಿಸಿಡುವುದು ನನ್ನದೇ ಯೋಚನೆ, ಆ ಮಳೆಗಾಲ ಒಂದು ಚುಕ್ಕೆ ಬೂಷ್ಟು ಬರಲಿಲ್ಲ. ಮರುವರ್ಷ ಇವರು ಕರೆಂಟು ಉಳಿಸಲು ಎಲ್‌ಇಡಿ ಹಾಕಿದರು. ಬೆಳಕು ಚೆನ್ನಾಗಿತ್ತು, ಬೂಷ್ಟೂ ಚೆನ್ನಾಗಿತ್ತು. ಬಿಸಿಯೇ ಇಲ್ಲದ ಬಲ್ಬಿನಿಂದ ಸೀರೆಗೇನು ಲಾಭ? ಈಗ ಬಲ್ಬು ಬಚ್ಚಿಟ್ಟಿದ್ದೇನೆ. ಅದು ಪುನರ್ವಸುವಿನ ಚೀಟಿಯ ಮೊದಲ ಕೆಲಸ.

ತೋಟಕ್ಕೂ ಇದರಿಂದ ಉಪಕಾರ ಆಯಿತು ಎಂದು ಇವರೇ ಒಪ್ಪಿಕೊಂಡಿದ್ದಾರೆ. ಕೊನೆಗೌಡನಿಗೆ ಭರಣಿಯಲ್ಲೇ ಮಾತು ಹೇಳಿಟ್ಟರೆ ಮೊದಲ ಔಷಧಿ ರೋಹಿಣಿ ದಾಟುವುದಿಲ್ಲ. ಎಲ್ಲರೂ ಆರಿದ್ರೆಯಲ್ಲಿ ಅವನ ಮನೆ ಬಾಗಿಲಲ್ಲಿ ನಿಂತಾಗ ನಾವು ಎರಡನೇ ಸುತ್ತಿನ ದಿನ ಗೊತ್ತು ಮಾಡಿಕೊಂಡಿರುತ್ತೇವೆ.

ಫೋನಲ್ಲೇ ಎಲ್ಲ ಇದೆ ಎಂದ ನಾದಿನಿ ಹೋದ ದೀಪಾವಳಿಗೆ ಬಂದಾಗ ಚೀಟಿಗಳ ಫೋಟೊ ಹೊಡೆದುಕೊಂಡು ಹೋದಳು. ಬೆಂಗಳೂರಿನ ಮನೆಗೆ ತಕ್ಕ ಹಾಗೆ ಬದಲಿಸಿಕೊಂಡಿದ್ದಾಳೆ: ಅಶ್ವಿನಿಯಲ್ಲಿ ಸಂಪು ತೊಳೆಸುವುದು, ಕೃತ್ತಿಕೆಯಲ್ಲಿ ಟೆರೇಸಿನ ನೀರು ಹೋಗುವ ಪೈಪು ನೋಡಿಸುವುದು, ಮೂಲದಲ್ಲಿ ಸ್ವೆಟರ್ ಬಿಸಿಲಿಗೆ. ಅಲ್ಲಿ ಸೌದೆ ಇಲ್ಲ, ಮಿಡಿಯೂ ಇಲ್ಲಿಂದಲೇ ಹೋಗಬೇಕು, ಹಾಗಾಗಿ ಅವಳ ಚೀಟಿ ಹಗುರ.

ಶುರು ಮಾಡುವವರು ಯುಗಾದಿಗೆ ಕಾಯಬೇಡಿ, ನಡೆಯುತ್ತಿರುವ ನಕ್ಷತ್ರದಿಂದಲೇ ಹಿಡಿಯಿರಿ. ಮೊದಲ ವರ್ಷ ಮುಂದಿನ ಬದಿ ಪೆನ್ಸಿಲ್ಲಿನಲ್ಲೇ ಇರಲಿ. ನನ್ನ ಚಿತ್ತೆ, ಸ್ವಾತಿ ಚೀಟಿಗಳು ಇನ್ನೂ ಹದಕ್ಕೆ ಬಂದಿಲ್ಲ. ಕೊಯ್ಲು ಯಾವ ವಾರ ಬೀಳುತ್ತದೋ, ಮಕ್ಕಳ ದಸರಾ ರಜೆ ಎಲ್ಲಿ ಬರುತ್ತದೋ, ಎರಡೂ ಪ್ರತಿ ವರ್ಷ ಜಗಳ. ಅಲ್ಲಿ ಅಡಿಕೆ ಸುಲಿಯುವವರ ಊಟದ ಲೆಕ್ಕವನ್ನು ಬೇರೆ ಚೀಟಿಗೆ ತೆಗೆದು ನೋಡಬೇಕೆಂದಿದ್ದೇನೆ.