ನಾಲ್ಕು ಮೊಳ ದೂರ

ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ಹೂವನ್ನು ಮೊಳದ ಲೆಕ್ಕದಲ್ಲಿ ಕೊಡುತ್ತಾರೆ. ಮೊಣಕೈಯಿಂದ ನಡುಬೆರಳ ತುದಿವರೆಗೆ ಒಂದು ಮೊಳ, ಹೆಚ್ಚುಕಡಿಮೆ ಒಂದೂವರೆ ಅಡಿ. ಗುರುತಿಲ್ಲದವರು ರಸ್ತೆಯಲ್ಲಿ ಮಾತಾಡಿಸಿದರೆ ನಾನು ಬಿಡುವ ಜಾಗಕ್ಕೂ ಅದೇ ಅಳತೆ. ನಾಲ್ಕು ಮೊಳ. ಅವರು ಕೈ ಚಾಚಿದರೂ ನಾನು ಸಿಗಬಾರದು.

ಈ ಲೆಕ್ಕ ಕಲಿಯುವಷ್ಟರಲ್ಲಿ ಅರ್ಧ ಸರ ಕಳೆದುಕೊಂಡಿದ್ದೆ.

ನಾನು ಬಸವನಗುಡಿಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತೇನೆ. ಖಾಲಿ ಹೊಟ್ಟೆಯಲ್ಲಿ ಬರುವವರು ಆರೂವರೆಗೇ ಬಾಗಿಲಲ್ಲಿ ಕಾಯುತ್ತಿರುತ್ತಾರೆ. ಹಾಗಾಗಿ ನಾನು ವಿಜಯನಗರದ ಮನೆಯನ್ನು ಐದೂಕಾಲಿಗೇ ಬಿಡಬೇಕು. 2014ರಲ್ಲಿ ಒಂದು ಬೆಳಿಗ್ಗೆ ನಮ್ಮ ಕ್ರಾಸಿನ ತುದಿಯಲ್ಲಿ ಒಂದು ಬೈಕ್ ಬಂದು ನಿಂತಿತು. ಇಬ್ಬರಿದ್ದರು. ಹಿಂದೆ ಕೂತವನು ಚೀಟಿ ಚಾಚಿ, "ಅಕ್ಕಾ, ಈ ಅಡ್ರೆಸ್ ಎಲ್ಲಿ ಬರುತ್ತೆ?" ಅಂದ. ಚೀಟಿಯನ್ನು ತನ್ನ ಎದೆಯ ಹತ್ತಿರವೇ ಹಿಡಿದಿದ್ದ. ಓದಬೇಕಾದರೆ ನಾನೇ ಬಗ್ಗಬೇಕಿತ್ತು. ಬಗ್ಗಿದೆ. ಗಾಡಿ ಆಫ್ ಮಾಡಿರಲಿಲ್ಲ ಅನ್ನುವುದು ಆಮೇಲೆ ನೆನಪಾಯಿತು. ಸರಕ್ಕೆ ಕೈ ಹಾಕಿ ಎಳೆದ. ನಾನು ಹಿಡಿದುಕೊಂಡಿದ್ದ ತುಂಡು ನನ್ನ ಕೈಯಲ್ಲಿ ಉಳಿಯಿತು, ಉಳಿದದ್ದು ಹೋಯಿತು. ಕುತ್ತಿಗೆ ಮೇಲಿನ ಗೀರು ಮಾಯಲು ಎರಡು ವಾರ ಬೇಕಾಯಿತು.

ಮೊದಲು ಹೋದ ಠಾಣೆಯಲ್ಲಿ "ಇದು ನಮ್ಮ ಲಿಮಿಟ್ಸ್ ಅಲ್ಲಮ್ಮ" ಅಂದರು. ಸುಮ್ನೆ ವಾಪಸ್ ಬಂದೆ. ಇವತ್ತಾಗಿದ್ದರೆ ಬರುತ್ತಿರಲಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಇಂಥ ಅಪರಾಧ ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಜೀರೋ ಎಫ್‌ಐಆರ್ ಅಂತ ಕೇಳಿ.

ಅವತ್ತಿನಿಂದ ನಾನು ದಾರಿ ಹೇಳುವುದನ್ನು ಬಿಟ್ಟಿಲ್ಲ. ಈ ಊರಿಗೆ ಬಂದ ಹೊಸದರಲ್ಲಿ ನನಗೂ ಯಾರೋ ಪುಣ್ಯಾತ್ಮರು ಮೆಜೆಸ್ಟಿಕ್‌ನಲ್ಲಿ ಪ್ಲಾಟ್‌ಫಾರಂ ತೋರಿಸಿದ್ದರು. ಆದರೆ ಈಗ ನಿಂತಲ್ಲಿಂದಲೇ ಹೇಳುತ್ತೇನೆ. ಅವರು ಒಂದು ಹೆಜ್ಜೆ ಮುಂದೆ ಬಂದರೆ ನಾನು ಒಂದು ಹೆಜ್ಜೆ ಹಿಂದೆ. ನಿಜವಾಗಿ ದಾರಿ ಬೇಕಾದವರು ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಾರೆ. ನಾನು ಹಿಂದೆ ಸರಿದಷ್ಟೂ ಹತ್ತಿರ ಬರುತ್ತಿದ್ದರೆ ಮಾತು ನಿಲ್ಲಿಸಿ ನಡೆದುಬಿಡುತ್ತೇನೆ. "ಒಂದೇ ಒಂದು ಕಾಲ್ ಮಾಡಿ ಕೊಡ್ತೀನಿ" ಅಂತ ಫೋನ್ ಕೇಳಿದರೆ, ನಂಬರ್ ಹೇಳಿ, ನಾನೇ ಸ್ಪೀಕರ್ ಹಾಕುತ್ತೇನೆ ಅನ್ನುತ್ತೇನೆ. ನಿಮ್ಮ ದುಡ್ಡು ಬಿದ್ದಿದೆ, ಬಟ್ಟೆಗೆ ಏನೋ ಮೆತ್ತಿದೆ ಅಂದರೆ ಮೊದಲು ಬ್ಯಾಗನ್ನು ಎದೆಗೆ ಅವಚಿಕೊಳ್ಳುತ್ತೇನೆ, ನೋಡುವುದು ಆಮೇಲೆ. ನಮ್ಮ ಅತ್ತೆಗೆ ಪದೇ ಪದೇ ಹೇಳುವುದು ಇನ್ನೊಂದಿದೆ. "ನಾವು ಪೊಲೀಸರು, ಮುಂದೆ ಗಲಾಟೆ ಆಗಿದೆ, ಒಡವೆ ಬಿಚ್ಚಿ ಕೊಡಿ, ಕಾಗದದಲ್ಲಿ ಸುತ್ತಿ ಕೊಡ್ತೀವಿ" ಅನ್ನುವವರು ಪೊಲೀಸರಲ್ಲ. ಯಾವ ಪೊಲೀಸರೂ ರಸ್ತೆಯಲ್ಲಿ ಒಡವೆ ಬಿಚ್ಚಿಸುವುದಿಲ್ಲ.

ಹಿಂಬಾಲಿಸುವವರ ವಿಷಯ ಬೇರೆ. ಅಲ್ಲಿ ದೂರ ಒಂದೇ ಸಾಲದು.

ನಾಲ್ಕು ವರ್ಷದ ಹಿಂದೆ, ಡಿಸೆಂಬರ್. ಆರು ಗಂಟೆಗೂ ಕತ್ತಲು. ಬಸ್ಸಿಳಿದು ನಡೆಯುವಾಗ ಒಬ್ಬ ಹಿಂದೆ ಬರುತ್ತಿದ್ದಾನೆ ಅನ್ನಿಸಿತು. ರಸ್ತೆ ದಾಟಿದೆ, ಅವನೂ ದಾಟಿದ. ಮತ್ತೆ ಈ ಕಡೆಗೆ ಬಂದೆ, ಅವನೂ ಬಂದ. ಎರಡು ಸಲ ದಾಟಿದಾಗಲೂ ಹಿಂದೆ ಬಂದರೆ ಅದು ಆಕಸ್ಮಿಕ ಅಲ್ಲ ಅಂತ ನನ್ನ ಲೆಕ್ಕ. ಲ್ಯಾಬಿನ ಗಲ್ಲಿಗೆ ತಿರುಗಲಿಲ್ಲ. ನಾನು ಎಲ್ಲಿ ಕೆಲಸ ಮಾಡುತ್ತೇನೆ ಅಂತ ಅವನಿಗೆ ಯಾಕೆ ತೋರಿಸಬೇಕು? ನೇರವಾಗಿ ಹೂವಿನ ಅಂಗಡಿಗಳ ಬೆಳಕಿನ ಕಡೆಗೆ ನಡೆದೆ. ದಿನಾ ಹೂವು ಕೊಳ್ಳುವ ಅಜ್ಜಿಯ ಪಕ್ಕ ನಿಂತು, "ಅಜ್ಜಿ, ಆ ಕೆಂಪು ಸ್ವೆಟರ್‌ನವನು ನನ್ನ ಹಿಂದೆ ಬರ್ತಿದ್ದಾನೆ" ಅಂದೆ. ಅಜ್ಜಿ ತಲೆ ಎತ್ತಿ ಅವನನ್ನೇ ದಿಟ್ಟಿಸಿದರು. ಗೋಣಿಚೀಲದ ತುದಿ ಸರಿಸಿ, "ಕೂತ್ಕೊಳಮ್ಮ" ಅಂದರು. ಒದ್ದೆ ಬಾಳೆನಾರು ನನ್ನ ಕೈಗಿಟ್ಟು, ಕನಕಾಂಬರದ ಮೊರವನ್ನು ಮುಂದಕ್ಕೆ ತಳ್ಳಿದರು. ನನ್ನ ಬೆರಳು ನಡುಗುತ್ತಿತ್ತು. ಎರಡು ಹೂವು ಈ ಕಡೆ, ಎರಡು ಆ ಕಡೆ, ಒಂದು ಗಂಟು. ಒಂದು ಮೊಳ ಕಟ್ಟುವಷ್ಟರಲ್ಲಿ ಅವನು ಎದುರಿನ ಟೀ ಅಂಗಡಿಯಿಂದ ಜಾಗ ಖಾಲಿ ಮಾಡಿದ್ದ.

ಆ ಅಜ್ಜಿಯನ್ನು ನೆನೆಸಿಕೊಂಡರೆ ಈಗಲೂ ಗಂಟಲು ಕಟ್ಟುತ್ತದೆ.

ಅಲ್ಲಿಂದ ನನ್ನ ದಾರಿಯಲ್ಲಿ ಐದೂಕಾಲಿಗೆ ಯಾರ್ಯಾರು ಎದ್ದಿರುತ್ತಾರೆ ಅಂತ ಗುರುತು ಮಾಡಿಕೊಂಡೆ. ನಂದಿನಿ ಹಾಲಿನ ಬೂತಿನವರು, ಪೇಪರ್ ಜೋಡಿಸುವ ಹುಡುಗರು, ಅಪಾರ್ಟ್‌ಮೆಂಟಿನ ವಾಚ್‌ಮನ್. ದಿನಾ ಒಂದು ಮಾತಾಡಿಸುತ್ತೇನೆ. ಅವರು ಅಲ್ಲೇ ಇರುವವರು, ನಾಳೆಯೂ ಸಿಗುವವರು. ಅದಕ್ಕೇ ಅವರ ಮೇಲೆ ನನಗೆ ಜಾಸ್ತಿ ಭರವಸೆ.

ಯಾರೂ ಹತ್ತಿರ ಇಲ್ಲದಿದ್ದರೆ ದನಿಯೇ ಗತಿ. ಇಲ್ಲಿ ನಾನು ಕಲಿತದ್ದು, ಬೈಯುವಾಗಲೂ ಬಹುವಚನ ಬಿಡಬಾರದು. "ಹೋಗೋ, ಬಿಡೋ" ಅಂತ ಕೂಗಿದರೆ ನೋಡುವವರು ಗಂಡ-ಹೆಂಡತಿ ಜಗಳ ಅಂದುಕೊಂಡು ಮುಂದೆ ಹೋಗುತ್ತಾರೆ. "ನೀವು ಯಾರು? ನಿಮ್ಮ ಪರಿಚಯ ನನಗಿಲ್ಲ. ದೂರ ನಿಲ್ಲಿ!" ಅಂದರೆ ಇಬ್ಬರೂ ಅಪರಿಚಿತರು ಅಂತ ತಕ್ಷಣ ಗೊತ್ತಾಗುತ್ತದೆ. "ಯಾರಾದ್ರೂ ಬನ್ನಿ" ಅಂದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. "ನೀಲಿ ಶರ್ಟ್ ಅಣ್ಣಾ, ಇಲ್ಲಿ ಬನ್ನಿ" ಅಂದರೆ ಆ ಅಣ್ಣ ಬಂದೇ ಬರುತ್ತಾರೆ. ಬಸ್ಸಿನಲ್ಲಿ ಒಂದು ಸಲ ಹೀಗೆ ಕರೆದಿದ್ದೇನೆ, ಬಂದಿದ್ದಾರೆ.

112ಕ್ಕೆ ಫೋನ್ ಮಾಡಿದರೆ ಮೊದಲು ಜಾಗ ಹೇಳಿ, ಕಥೆ ಆಮೇಲೆ. ಎಷ್ಟನೇ ಕ್ರಾಸ್, ಎಷ್ಟನೇ ಮೇನ್, ಎದುರಿಗೆ ಯಾವ ಬೋರ್ಡ್ ಇದೆ. ಗಸ್ತು ತಿರುಗುವ ಪೊಲೀಸರ ಹೊಯ್ಸಳ ಗಾಡಿಗೆ ಬೇಕಾದದ್ದು ಅದೇ. ಸೇಫ್ ಸಿಟಿ ಯೋಜನೆಯಲ್ಲಿ ಊರಿನ ಕೆಲವು ಕಡೆ ಸೇಫ್ಟಿ ಐಲ್ಯಾಂಡ್ ಅಂತ ಇಟ್ಟಿದ್ದಾರೆ, ಬಟನ್ ಒತ್ತಿದರೆ ಪೊಲೀಸ್ ಕಮಾಂಡ್ ಸೆಂಟರ್‌ಗೆ ಮಾತು ಹೋಗುತ್ತದೆ. ನಿಮ್ಮ ದಾರಿಯಲ್ಲಿ ಇದೆಯಾ ಅಂತ ಹಗಲಿನಲ್ಲೇ ನೋಡಿಟ್ಟುಕೊಳ್ಳಿ. ಫೋನಿನ ಎಸ್‌ಒಎಸ್ ಸೆಟ್ಟಿಂಗನ್ನೂ ಹಾಗೇ.

ಮಗಳು ಈ ವರ್ಷ ಪಿಯುಸಿ. ಟ್ಯೂಷನ್ ಮುಗಿಸಿ ಒಬ್ಬಳೇ ಬರುತ್ತಾಳೆ. ಭಾನುವಾರ ಸಂಜೆ ತಾರಸಿ ಮೇಲೆ ಇಬ್ಬರೂ ನಿಂತು ಕೂಗಿ ಅಭ್ಯಾಸ ಮಾಡುತ್ತೇವೆ. ಮೊದಲ ದಿನ ಅವಳಿಗೆ ದನಿಯೇ ಹೊರಡಲಿಲ್ಲ. "ಅಮ್ಮ, ನಾಚಿಕೆ ಆಗುತ್ತೆ" ಅಂದಳು. ನಾಲ್ಕನೇ ವಾರ ಅವಳು "ದೂರ ನಿಲ್ಲಿ!" ಅಂದಾಗ ಪಕ್ಕದ ಮನೆಯವರು ಬಟ್ಟೆ ಒಣಹಾಕುವುದು ಬಿಟ್ಟು ಗೋಡೆ ಹತ್ತಿರ ಓಡಿಬಂದರು. ವಿಷಯ ಹೇಳಿದೆವು. ಮುಂದಿನ ಭಾನುವಾರ ಅವರ ಇಬ್ಬರು ಹೆಣ್ಣುಮಕ್ಕಳೂ ನಮ್ಮ ತಾರಸಿಗೆ ಬಂದರು.