ಮೊದಲು ಬೀರುವಿನ ಬೀಗ ತೆಗೆಯಿರಿ: ಊರಿನ ಗ್ರಂಥಾಲಯದಲ್ಲಿ ಮಕ್ಕಳ ಜತೆ ಕೆಲಸ ಮಾಡುವವರಿಗೆ

ಗ್ರಾಮ ಪಂಚಾಯತಿ ಗ್ರಂಥಾಲಯಕ್ಕೆ ಮೇಲ್ವಿಚಾರಕರಾಗಿ ಹೊಸದಾಗಿ ಸೇರಿದ್ದೀರಾ? ಅಥವಾ ನಗರದ ಶಾಖಾ ಗ್ರಂಥಾಲಯದಲ್ಲಿ ಮಕ್ಕಳ ವಿಭಾಗ ನಿಮ್ಮ ಪಾಲಿಗೆ ಬಂದಿದೆಯಾ? ಮೊದಲ ವಾರ ಬೇರೇನೂ ಮಾಡದಿದ್ದರೂ ಪರವಾಗಿಲ್ಲ, ಬೀರುವಿನೊಳಗಿರುವ ಮಕ್ಕಳ ಪುಸ್ತಕಗಳನ್ನು ಹೊರಗೆ ತೆಗೆಯಿರಿ. ಬೀಗದ ಹಿಂದಿರುವ ಪುಸ್ತಕವನ್ನು ಯಾವ ಮಗುವೂ ಕೇಳಿ ತೆಗೆದುಕೊಳ್ಳುವುದಿಲ್ಲ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಗಳಿಗೆಂದು ಕೊಟ್ಟ ಐದು ಸೂತ್ರಗಳಲ್ಲಿ ಮೊದಲನೆಯದೇ ಇದು, ಪುಸ್ತಕ ಇರುವುದು ಬಳಸಲಿಕ್ಕೆ.

ಬೀಗ ಹಾಕಿಡುವುದಕ್ಕೆ ಕಾರಣವೂ ಇದೆ, ಅದನ್ನು ಕಡೆಗಣಿಸುವಂತಿಲ್ಲ. ದಾಸ್ತಾನು ಪರಿಶೀಲನೆಯಲ್ಲಿ ಪುಸ್ತಕ ಕಡಿಮೆ ಬಂದರೆ ನನ್ನ ಕೈಯಿಂದ ಕಟ್ಟಿಸುತ್ತಾರೇನೋ ಎಂಬ ಹೆದರಿಕೆ ತುಂಬಾ ಜನರಿಗೆ ಇದೆ. ಅದಕ್ಕೆ ಮೊದಲೇ ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಮಾತಾಡಿ. ಹರಿದ, ಕಳೆದುಹೋದ ಮಕ್ಕಳ ಪುಸ್ತಕಗಳನ್ನು ರಿಜಿಸ್ಟರ್‌ನಿಂದ ತೆಗೆಯುವುದು ಹೇಗೆ, ಯಾರ ಸಹಿ ಬೇಕು ಎಂದು ಬರಹದಲ್ಲೇ ತಿಳಿದುಕೊಳ್ಳಿ. ಆಮೇಲೆ ನಿಮ್ಮ ಕೈ ಸಡಿಲವಾಗುತ್ತದೆ.

ಜೋಡಿಸುವಾಗ ಪುಸ್ತಕದ ಬೆನ್ನು ಕಾಣುವಂತೆ ಅಲ್ಲ, ಮುಖಪುಟ ಕಾಣುವಂತೆ ಇಡಿ. ಚಿಕ್ಕ ಮಕ್ಕಳು ಚಿತ್ರ ನೋಡಿಯೇ ಪುಸ್ತಕ ಆರಿಸುವುದು. ಹೊಸ ರ್‍ಯಾಕ್‌ಗೆ ದುಡ್ಡಿಲ್ಲದಿದ್ದರೆ ಗೋಡೆಗೆ ಮಕ್ಕಳ ಎತ್ತರದಲ್ಲಿ ದಾರ ಕಟ್ಟಿ, ಬಟ್ಟೆಗೆ ಹಾಕುವ ಕ್ಲಿಪ್‌ನಲ್ಲಿ ತೆಳು ಪುಸ್ತಕಗಳನ್ನು ನೇತು ಹಾಕಿ. ವಾರಕ್ಕೊಮ್ಮೆ ಬದಲಾಯಿಸಿ. ಪುಸ್ತಕಗಳನ್ನು ವಿಷಯವಾರು ಸಂಖ್ಯೆ ಕೊಟ್ಟು ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814 ಎಂಬ ಸಂಖ್ಯೆ ಇದೆ, ಅದು ನಿಮ್ಮ ರಿಜಿಸ್ಟರ್‌ನಲ್ಲಿ ಇರಲಿ, ಮೂರನೇ ಕ್ಲಾಸಿನ ಹುಡುಗಿಗೆ ಅದರಿಂದ ಏನೂ ಸಿಗುವುದಿಲ್ಲ. ಅವಳಿಗೆ ಬಣ್ಣದ ಸ್ಟಿಕ್ಕರ್ ಸಾಕು: ಒಂದೊಂದೇ ಸಾಲಿನ ಪುಸ್ತಕಕ್ಕೆ ಒಂದು ಬಣ್ಣ, ಪುಟದ ತುಂಬ ಅಕ್ಷರ ಇರುವುದಕ್ಕೆ ಇನ್ನೊಂದು. ಆದರೆ 'ನೀನು ಹಸಿರು, ಕೆಂಪು ಮುಟ್ಟಬೇಡ' ಎಂದು ಮಾತ್ರ ಯಾವತ್ತೂ ಹೇಳಬೇಡಿ. ಏಳನೇ ಕ್ಲಾಸಿನ ಹುಡುಗ ಚಿತ್ರದ ಪುಸ್ತಕ ಓದಿದರೆ ಓದಲಿ ಬಿಡಿ, ಅವನು ಓದು ಕಲಿಯುತ್ತಿರುವುದೇ ಈಗ ಇರಬಹುದು, ಅದನ್ನು ನಾಲ್ಕು ಜನರ ಮುಂದೆ ಹೇಳಿ ತೋರಿಸುವುದು ಬೇಡ.

ಸದಸ್ಯತ್ವಕ್ಕೆ ದಾಖಲೆ ತನ್ನಿ, ಫೋಟೋ ತನ್ನಿ ಎಂದು ಓಡಾಡಿಸಬೇಡಿ. 2020ರ ನವೆಂಬರ್‌ನಲ್ಲಿ ಮಕ್ಕಳ ಓದಿಗಾಗಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾದಾಗಿನಿಂದ ಪಂಚಾಯತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಶಾಲೆಯ ಹೆಡ್‌ಮಾಸ್ತರ ಹತ್ತಿರ ಹೆಸರಿನ ಪಟ್ಟಿ ತೆಗೆದುಕೊಂಡರೆ ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ.

ಇನ್ನು ಗಟ್ಟಿಯಾಗಿ ಓದಿ ಹೇಳುವುದು. ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯ ಇದೇ ಎಂದು ನನ್ನ ನಂಬಿಕೆ. ವಾರದಲ್ಲಿ ಒಂದು ದಿನ, ಒಂದೇ ಹೊತ್ತು ಗೊತ್ತು ಮಾಡಿ, ಮಳೆ ಬಂದರೂ ಎರಡೇ ಮಕ್ಕಳು ಬಂದರೂ ತಪ್ಪಿಸಬೇಡಿ. ಪುಸ್ತಕವನ್ನು ಹಿಂದಿನ ದಿನವೇ ಮನೆಯಲ್ಲಿ ಗಟ್ಟಿಯಾಗಿ ಓದಿ ನೋಡಿ, ನಾಲಿಗೆ ಎಲ್ಲಿ ತೊಡರುತ್ತದೆ ಅಂತ ಗೊತ್ತಾಗುತ್ತದೆ. ಮಕ್ಕಳನ್ನು ಅರ್ಧ ವೃತ್ತದಲ್ಲಿ ಕೂರಿಸಿ. ಪುಸ್ತಕ ನಿಮ್ಮ ಎದೆಯ ಪಕ್ಕಕ್ಕಿರಲಿ, ಪುಟ ಅವರ ಕಡೆಗಿರಲಿ, ಕೊನೆಯಲ್ಲಿ ಕೂತವರಿಗೂ ಚಿತ್ರ ಕಾಣಬೇಕು. ನಿಧಾನವಾಗಿ ಓದಿ. ಪುಟ ತಿರುಗಿಸುವ ಮೊದಲು ಸ್ವಲ್ಪ ನಿಲ್ಲಿ, 'ಮುಂದೇನಾಗಬಹುದು?' ಎಂದು ಒಮ್ಮೆ ಕೇಳಿ, ಎಲ್ಲ ಪುಟಕ್ಕೂ ಬೇಡ. ಹದಿನೈದು ನಿಮಿಷ ಸಾಕು.

ಕಥೆ ಮುಗಿದ ಮೇಲೆ 'ಇದರಿಂದ ಏನು ಕಲಿತಿರಿ?' ಎಂದು ದಯವಿಟ್ಟು ಕೇಳಬೇಡಿ. ಆ ಪ್ರಶ್ನೆ ಬಂದ ತಕ್ಷಣ ಗ್ರಂಥಾಲಯವೂ ಇನ್ನೊಂದು ತರಗತಿ ಆಗಿಬಿಡುತ್ತದೆ, ಮಕ್ಕಳು ಕೈಕಟ್ಟಿಕೊಂಡು 'ಸುಳ್ಳು ಹೇಳಬಾರದು ಸರ್' ಎನ್ನುತ್ತಾರೆ, ಕಥೆ ಅಲ್ಲಿಗೆ ಸತ್ತುಹೋಗುತ್ತದೆ. ಸುಮ್ನೆ ಪುಸ್ತಕವನ್ನು ನೆಲದ ಮೇಲಿಟ್ಟು ಎದ್ದುಬಿಡಿ. ಯಾರಾದರೊಬ್ಬರು ಅದನ್ನು ಎತ್ತಿಕೊಳ್ಳುತ್ತಾರೆ. ಅವತ್ತೇ ಮನೆಗೆ ಕೊಟ್ಟು ಕಳಿಸಿ.

ಪುಸ್ತಕದ ಕನ್ನಡ ಎಲ್ಲ ಮಕ್ಕಳ ಮನೆಯ ಮಾತಲ್ಲ, ಇದು ನೆನಪಿರಲಿ. ರಾಯಚೂರು, ಕಲಬುರಗಿ ಕಡೆಯ ಮಕ್ಕಳಿಗೆ ಪುಸ್ತಕದ ಮಾತು ದೂರ ಅನಿಸಬಹುದು, ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಮಾತಾಡುತ್ತದೆ, ಇನ್ನೊಬ್ಬರ ಮನೆಯಲ್ಲಿ ಉರ್ದು, ತೆಲುಗು, ತುಳು. ಒಂದು ಸಲ ಪುಸ್ತಕದಲ್ಲಿ ಇದ್ದಂತೆ ಓದಿ, ಆಮೇಲೆ ನಿಮ್ಮೂರಿನ ಮಾತಿನಲ್ಲಿ ಹೇಳಿ. ಎರಡು ಭಾಷೆಯ ಪುಸ್ತಕಗಳೂ ಸಿಗುತ್ತವೆ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕಥೆಗಳು ಹಂತದ ಪ್ರಕಾರ ಉಚಿತವಾಗಿ ಇವೆ, ಇಳಿಸಿಕೊಂಡು ಪ್ರಿಂಟ್ ಹಾಕಬಹುದು. ಹೊಸದಾಗಿ ಕೊಳ್ಳುವುದಾದರೆ ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕ, ತೂಲಿಕಾ ಇವರ ಮಕ್ಕಳ ಪಟ್ಟಿ ನೋಡಿ. ಸಾಧ್ಯವಾದರೆ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಿಯೇ ಆರಿಸಿ. ದಾನ ಕೊಡುವವರು ಹಳೇ ಗೈಡು, ಹಳೇ ಪಠ್ಯಪುಸ್ತಕ ತಂದರೆ ಕೈಮುಗಿದು ಬೇಡ ಅನ್ನಿ.

ಹರಿದ ಪುಟಕ್ಕೆ ಸಾಮಾನ್ಯ ಸೆಲ್ಲೋಟೇಪ್ ಅಂಟಿಸಬೇಡಿ, ಅದು ಹಳದಿಯಾಗಿ ಒಣಗಿ ಪುಟವನ್ನೂ ಹಾಳು ಮಾಡುತ್ತದೆ. ತೆಳು ಕಾಗದ, ಮೈದಾ ಅಂಟು ಸಾಕು. ದೊಡ್ಡ ಮಕ್ಕಳಿಗೆ ಈ ಕೆಲಸ ಕೊಟ್ಟು ನೋಡಿ, ಇಷ್ಟಪಟ್ಟು ಮಾಡುತ್ತಾರೆ.

ಎಂಟನೇ ಕ್ಲಾಸಿನಿಂದ ಮೇಲಿನವರದ್ದು ಬೇರೆಯದೇ ವಿಷಯ. ಅವರನ್ನು 'ಮಕ್ಕಳೇ' ಎಂದು ಕರೆದು ಚಿಕ್ಕವರ ಚಾಪೆಯ ಮೇಲೆ ಕೂರಿಸಿದರೆ ಮತ್ತೆ ಬರುವುದಿಲ್ಲ. ಒಂದು ಮೂಲೆ, ಒಂದು ಮೇಜು ಅವರಿಗೇ ಬಿಡಿ. ಯಾವ ಪುಸ್ತಕ ತರಿಸಬೇಕು ಎಂದು ಅವರನ್ನೇ ಕೇಳಿ, ಕೇಳಿದ್ದರಲ್ಲಿ ಒಂದನ್ನಾದರೂ ತರಿಸಿ ತೋರಿಸಿ. ಕ್ರಿಕೆಟ್, ಬೈಕು, ಪತ್ತೇದಾರಿ ಕಥೆ, ಏನಾದರೂ ಸರಿ.

ಈ ವಯಸ್ಸಿನಲ್ಲಿ ಹುಡುಗಿಯರು ಬರುವುದು ನಿಂತುಬಿಡುತ್ತದೆ. ಮನೆಗೆಲಸ ಒಂದು ಕಾರಣ, ಬಾಗಿಲ ಹತ್ತಿರ ಗಂಡಸರು ಪೇಪರ್ ಓದುತ್ತಾ ಕೂತಿರುವುದು ಇನ್ನೊಂದು. ಪೇಪರ್ ಮೇಜನ್ನು ಬಾಗಿಲಿನಿಂದ ಒಳಗೆ ಸರಿಸಿ, ಅಷ್ಟರಿಂದಲೇ ವ್ಯತ್ಯಾಸ ಆಗಬಹುದು. ವಾರದಲ್ಲಿ ಒಂದು ಹೊತ್ತು ಅವರಿಗೆಂದೇ ಇಡಿ. ಆದರೂ ಬರದಿದ್ದರೆ ತಮ್ಮ, ತಂಗಿಯ ಕೈಯಲ್ಲಿ ಪುಸ್ತಕ ಕಳಿಸಿ. ಶೌಚಾಲಯ ಇಲ್ಲದಿದ್ದರೆ ಅದನ್ನು ಪಂಚಾಯತಿ ಸಭೆಯಲ್ಲಿ ಕೇಳಿ, ಸಂಕೋಚ ಬೇಡ.

ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಓದುವವರಿಗೆ ನಿಶ್ಶಬ್ದ ಬೇಕು, ಮಕ್ಕಳಿಗೆ ಗಲಾಟೆ ಬೇಕು. ಒಂದೇ ಕೋಣೆಯಲ್ಲಿ ಎರಡೂ ಆಗುವುದಿಲ್ಲ. ಶಾಲೆ ಬಿಟ್ಟ ಮೇಲಿನ ಹೊತ್ತು ಮಕ್ಕಳದ್ದು ಎಂದು ಬೋರ್ಡ್ ಬರೆದು ಹಾಕಿ, ಜಗಳ ಬಂದರೆ ಮಕ್ಕಳ ಪರ ನಿಲ್ಲಿ, ಯಾಕೆಂದರೆ ಅವರ ಪರವಾಗಿ ಮಾತಾಡಲು ಅಲ್ಲಿ ಬೇರೆ ಯಾರೂ ಇರುವುದಿಲ್ಲ. ಹಾಗೇ ನೋಟಿಸ್ ಬೋರ್ಡಿನಲ್ಲಿ ಮೊರಾರ್ಜಿ ದೇಸಾಯಿ ಶಾಲೆಯ ಪ್ರವೇಶ ಪರೀಕ್ಷೆ, ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಅರ್ಜಿಯ ದಿನಾಂಕ ಹಾಕಿ. ಎಂಟನೇ ಕ್ಲಾಸಿನಲ್ಲಿ ಬರೆಯುವ ಆ ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಬಡ ಮನೆಗೆ ಅದು ದೊಡ್ಡ ದುಡ್ಡು.

ಮಕ್ಕಳ ಸುರಕ್ಷತೆಯ ಮಾತನ್ನು ನೇರವಾಗಿ ಹೇಳುತ್ತೇನೆ. ಒಂದು ಮಗು, ಒಬ್ಬ ದೊಡ್ಡವರು, ಮುಚ್ಚಿದ ಬಾಗಿಲು, ಈ ಮೂರು ಒಟ್ಟಿಗೆ ಬರಲೇಬಾರದು, ನಿಮ್ಮ ವಿಷಯದಲ್ಲೂ ಅಷ್ಟೇ. 1098 ಸಹಾಯವಾಣಿ ಸಂಖ್ಯೆಯನ್ನು ಮಕ್ಕಳ ಕಣ್ಣಿಗೆ ಬೀಳುವ ಕಡೆ ದೊಡ್ಡದಾಗಿ ಬರೆಯಿರಿ. ಯಾವುದಾದರೂ ಮಗು ತನಗೆ ಆದ ಲೈಂಗಿಕ ಕಿರುಕುಳ ಹೇಳಿಕೊಂಡರೆ 'ಯಾರಿಗೂ ಹೇಳಲ್ಲ' ಎಂದು ಮಾತು ಕೊಡಬೇಡಿ. 2012ರ ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಕೆದಕಿ ಕೆದಕಿ ಪ್ರಶ್ನೆ ಕೇಳದೆ ಮಗು ಹೇಳಿದಷ್ಟನ್ನು ಕೇಳಿ, ನಂಬಿ, ಅದರ ಮಾತಿನಲ್ಲೇ ಬರೆದಿಡಿ.

ಕೊನೆಗೆ ರಿಜಿಸ್ಟರ್. ಎಷ್ಟು ಮಕ್ಕಳು ಬಂದರು ಎಂಬುದಕ್ಕಿಂತ ಎಷ್ಟು ಪುಸ್ತಕ ಮನೆಗೆ ಹೋಯಿತು, ಯಾವುದು ಜಾಸ್ತಿ ಹೋಯಿತು, ಯಾವುದನ್ನು ಕೇಳಿದಾಗ ಇಲ್ಲ ಅನ್ನಬೇಕಾಯಿತು, ಇದನ್ನು ಬರೆದಿಡಿ. ಊರಿನವರು ಕಟ್ಟುವ ಮನೆ ಕಂದಾಯದ ಜತೆ ಗ್ರಂಥಾಲಯ ಕರವೂ ಸೇರಿರುತ್ತದೆ, ರೂಪಾಯಿಗೆ 6 ಪೈಸೆ. ಪುಸ್ತಕಕ್ಕೆ ದುಡ್ಡು ಕೇಳುವಾಗ ಆ ಲೆಕ್ಕವನ್ನೂ ನಿಮ್ಮ ರಿಜಿಸ್ಟರನ್ನೂ ಒಟ್ಟಿಗೆ ಮುಂದಿಡಿ. ಕೇಳುವುದನ್ನು ಜನವರಿಯಲ್ಲೇ ಕೇಳಿ, ಏಪ್ರಿಲ್ ರಜೆ ಶುರುವಾಗುವ ಹೊತ್ತಿಗೆ ಹೊಸ ಪುಸ್ತಕ ಕೈಯಲ್ಲಿರಬೇಕು ಅಲ್ವಾ.