ಹೊಸ ಮನೆಯ ದರ: ಬಿಲ್ಡರ್ ಜೊತೆ ಚೌಕಾಸಿ ಎಲ್ಲಿ, ಹೇಗೆ?

ಹೊಸದಾಗಿ ಕಟ್ಟಿದ ಮನೆಯನ್ನು ಕೊಳ್ಳಲು ಹೋದವರು ಸಾಮಾನ್ಯವಾಗಿ ಮೊದಲು ಕೇಳುವುದು, ‘ರೇಟಿನಲ್ಲಿ ಎಷ್ಟು ಬಿಡುತ್ತೀರಿ?’ ಎಂದು. ಬಿಲ್ಡರ್‌ಗಳು ಎಲ್ಲಕ್ಕಿಂತ ಬಿಗಿಯಾಗಿ ಹಿಡಿದುಕೊಳ್ಳುವುದೂ ಆ ರೇಟನ್ನೇ. ಒಂದು ಮನೆಯನ್ನು ಕಡಿಮೆಗೆ ಕೊಟ್ಟರೆ ಮುಂದೆ ಬರುವವರೆಲ್ಲ ಅದೇ ದರ ಕೇಳುತ್ತಾರೆ, ಈಗಾಗಲೇ ಕೊಂಡವರು ತಕರಾರು ತೆಗೆಯುತ್ತಾರೆ, ಉಳಿದ ಮನೆಗಳಿಗೆ ಬ್ಯಾಂಕು ಕಟ್ಟುವ ಮೌಲ್ಯವೂ ಇಳಿಯಬಹುದು. ಆದ್ದರಿಂದ ಮೂಲ ದರದ ಮೇಲಷ್ಟೇ ಜಗ್ಗಾಡದೆ, ಅದರ ಸುತ್ತಲಿನ ಖರ್ಚುಗಳ ಮೇಲೆ ಮಾತುಕತೆ ನಡೆಸುವುದು ಹೆಚ್ಚು ಫಲ ಕೊಡುತ್ತದೆ.

ಮೊದಲು ಪೂರ್ತಿ ದರಪಟ್ಟಿಯನ್ನು ಬರಹದಲ್ಲಿ ಪಡೆಯಿರಿ. ಮೂಲ ದರ, ಮೂಲೆ ಮನೆ ಅಥವಾ ಒಳ್ಳೆಯ ನೋಟವಿರುವ ಮನೆಗೆ ಹಾಕುವ ಹೆಚ್ಚುವರಿ ಮೊತ್ತ, ಪಾರ್ಕಿಂಗ್, ನಿರ್ವಹಣಾ ಶುಲ್ಕ, ತೆರಿಗೆ, ನೋಂದಣಿ ವೆಚ್ಚ ಎಲ್ಲವೂ ಅದರಲ್ಲಿ ಬೇರೆಬೇರೆಯಾಗಿ ಇರಬೇಕು. ಹೇಳಿದ ವಿಸ್ತೀರ್ಣ ಮನೆಯೊಳಗೆ ಬಳಸಲು ಸಿಗುವ ಜಾಗದ್ದಷ್ಟೇ ಅಥವಾ ಗೋಡೆ, ಮೆಟ್ಟಿಲಿನಂಥ ಹೊರಗಿನ ಜಾಗವನ್ನೂ ಸೇರಿಸಿದ್ದೇ ಎಂಬುದನ್ನು ತಪ್ಪದೆ ಕೇಳಿ. 1,200 ಚದರ ಅಡಿಗೆ ಹಣ ಕೊಟ್ಟು ಒಳಗೆ ಬಳಸಲು 900 ಚದರ ಅಡಿಯಷ್ಟೇ ಸಿಕ್ಕಿದರೆ, ಹೇಳಿದ ದರಕ್ಕಿಂತ ಮೂರನೇ ಒಂದು ಭಾಗ ಹೆಚ್ಚು ತೆತ್ತಂತಾಗುತ್ತದೆ.

ಮಾದರಿ ಮನೆಯನ್ನು ನೋಡುವಾಗ ಆ ಪಟ್ಟಿ ಕೈಯಲ್ಲಿರಲಿ. ಅಡುಗೆಮನೆಯ ಕಟ್ಟೆಯ ಕಲ್ಲು, ಗೋಡೆ ಕಪಾಟು, ಬಚ್ಚಲಿನ ನಲ್ಲಿ, ಚಾವಣಿಯ ದೀಪ ಹೀಗೆ ಕಣ್ಣಿಗೆ ಬಿದ್ದ ಒಂದೊಂದನ್ನೂ ತೋರಿಸಿ, ‘ಇದು ಮೂಲ ದರದಲ್ಲಿ ಸೇರಿದೆಯೇ?’ ಎಂದು ಕೇಳಿ ಗುರುತು ಹಾಕಿಕೊಳ್ಳಿ.

ಬಿಲ್ಡರ್‌ಗೆ ಮಾರುವ ಅವಸರ ಎಷ್ಟಿದೆ ಎಂಬುದು ಇದಕ್ಕಿಂತ ಮುಖ್ಯವಾದ ವಿಷಯ. ಕಟ್ಟಿ ಮುಗಿಸಿಯೂ ಮಾರಾಟವಾಗದ ಮನೆಯ ಮೇಲೆ ಸಾಲದ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ವರ್ಷಕ್ಕೆ ಶೇ 12ರ ಬಡ್ಡಿ ಎಂದಿಟ್ಟುಕೊಂಡರೆ, 3 ತಿಂಗಳು ಖಾಲಿ ಉಳಿದ ಮನೆ ಸಾಲದ ಮೊತ್ತದ ಶೇ 3ರಷ್ಟನ್ನು ನುಂಗಿರುತ್ತದೆ. ಹಾಗಾಗಿ ಯೋಜನೆಯ ಕೊನೆಯಲ್ಲಿ ಉಳಿದ ಒಂದೆರಡು ಮನೆಗಳ ವಿಷಯದಲ್ಲಿ ಮೂಲ ದರವೂ ಸಡಿಲಗೊಳ್ಳುವ ಸಾಧ್ಯತೆ ಹೆಚ್ಚು. ಆರ್ಥಿಕ ವರ್ಷ ಮುಗಿಯುವ ಹೊತ್ತಿನಲ್ಲಿ ಮಾರಾಟದ ಗುರಿ ಮುಟ್ಟಬೇಕಾದ ಒತ್ತಡವೂ ಇರುತ್ತದೆ.

ಇನ್ನು ಏನನ್ನು ಕೇಳಬೇಕು? ನೋಂದಣಿ ವೆಚ್ಚವನ್ನು ಭರಿಸುವಂತೆ, ಪಾರ್ಕಿಂಗ್ ಹಣವನ್ನು ಬಿಡುವಂತೆ, ಉತ್ತಮ ದರ್ಜೆಯ ನೆಲಹಾಸು ಹಾಕಿಕೊಡುವಂತೆ ಕೇಳಬಹುದು. ಸಾಮಗ್ರಿಯನ್ನು ಸಗಟಿನಲ್ಲಿ ಕೊಳ್ಳುವ ಬಿಲ್ಡರ್‌ಗೆ ಅದು ಪಟ್ಟಿಯಲ್ಲಿ ತೋರಿಸಿದ್ದಕ್ಕಿಂತ ಅಗ್ಗವಾಗಿಯೇ ಸಿಕ್ಕಿರುತ್ತದೆ. ಅಲ್ಲಿ ಬಿಟ್ಟುಕೊಡುವುದು ಅವರಿಗೆ ಕಷ್ಟವಲ್ಲ. ಆದರೆ ನಿಮಗೆ ಬೇಡದ ವಸ್ತು ಉಚಿತವಾಗಿ ಬಂದರೂ ಅದನ್ನು ರಿಯಾಯಿತಿ ಎಂದು ಎಣಿಸಬೇಡಿ. ಗೋಡೆಯೊಳಗೆ ಹೋಗುವ ವೈರಿಂಗ್ ಮತ್ತು ಪೈಪುಗಳ ಬದಲಾವಣೆಯನ್ನು ಗಾರೆ ಕೆಲಸಕ್ಕೆ ಮುಂಚೆಯೇ ಮಾಡಿಸಿಕೊಳ್ಳಿ. ದೀಪ, ಪರದೆಗಳನ್ನು ಆಮೇಲೆ ಹೊರಗಿನಿಂದ ತರಬಹುದು. ಬಿಲ್ಡರ್ ಸೂಚಿಸಿದ ಬ್ಯಾಂಕಿನಲ್ಲೇ ಸಾಲ ಪಡೆದರೆ ರಿಯಾಯಿತಿ ಎಂದಾಗ, ಸಾಲ ತೀರುವಷ್ಟರಲ್ಲಿ ಕಟ್ಟುವ ಒಟ್ಟು ಮೊತ್ತವನ್ನು ಬೇರೆ ಬ್ಯಾಂಕಿನ ಲೆಕ್ಕದೊಂದಿಗೆ ಹೋಲಿಸಿ ನೋಡಿ.

ಬಾಯಿಮಾತಿನಲ್ಲಿ ಒಪ್ಪಿದ ಪ್ರತಿಯೊಂದೂ ಮುಂಗಡ ಕೊಡುವ ಮೊದಲೇ ಒಪ್ಪಂದದಲ್ಲಿ ಬರಬೇಕು. ಸಾಮಗ್ರಿಯ ಬೆಲೆ ಏರಿದರೆ ಹೊರೆ ಯಾರದು, ಮನೆ ತಡವಾದರೆ ಪರಿಹಾರವೆಷ್ಟು, ಸಾಲ ಮಂಜೂರಾಗದಿದ್ದರೆ ಮುಂಗಡ ಮರಳುವುದೇ ಎಂಬ ಮೂರು ಷರತ್ತುಗಳನ್ನು ವಕೀಲರಿಂದ ಓದಿಸಿಕೊಳ್ಳಿ. ಕೊನೆಯ ಕಂತು ಕಟ್ಟುವ ಮೊದಲು ಅನುಭವಿ ಎಂಜಿನಿಯರ್ ಒಬ್ಬರನ್ನು ಕರೆದೊಯ್ದು ಎಲ್ಲ ನಲ್ಲಿಗಳನ್ನು ತಿರುಗಿಸಿ, ಬಾಗಿಲು ಕಿಟಕಿಗಳನ್ನು ಹಾಕಿ ತೆಗೆದು, ಕಂಡ ದೋಷಗಳ ಪಟ್ಟಿಗೆ ಬಿಲ್ಡರ್ ಕಡೆಯವರ ಸಹಿ ಪಡೆಯಿರಿ.